ಸಿಟ್ಟಿನ ಹಿಟ್ಟು

ಸಿಟ್ಟಿನಲ್ಲಿ ದುಂಡಪ್ಪನಿಗೆ ಸಾಟಿಯಾಗುವವನು ಆ ಹೊಳೆಯ ಎರಡೂ ದಂಡೆಗಳಲ್ಲಿ ಹುಟ್ಟಿರಲಿಲ್ಲ. ಅವನು ಕೆಕ್ಕರಿಸಿ ನೋಡಿದರೆ ಹಾಲು ಒಲೆಯಿಲ್ಲದೆ ಉಕ್ಕುತ್ತಿತ್ತು. ನಂಬಿಕೆಯಿಲ್ಲದವರು ಹಾಲನ್ನೇ ಕೇಳಬಹುದು.

ಆ ಸಿಟ್ಟಿನಲ್ಲಿ ಒಮ್ಮೆ ಸ್ವಂತ ತಮ್ಮನ ಕೈ ಮುರಿದು, ಆಮೇಲೆ ತನಗೆ ತಾನೇ ಹೆದರಿ, ಗುರುಪಾದಜ್ಜನ ಆಶ್ರಮಕ್ಕೆ ಓಡಿ ಬಂದಿದ್ದ.

ಅಜ್ಜ ಮಂತ್ರ ಕೊಡಲಿಲ್ಲ. ಬೀಸುಕಲ್ಲು ತೋರಿಸಿದರು.

“ಸಿಟ್ಟು ಬಂದಾಗ ಬೀಸು,” ಅಂದರು. “ಇಳಿಯೂತನಕ ಬೀಸು.”

ದುಂಡಪ್ಪ ಬೀಸಿದ. ಆಶ್ರಮದವರು ಗಿರಣಿಯ ದಾರಿಯನ್ನೇ ಮರೆತರು. ಒರಟು ಭಕ್ತರು ಬಂದ ದಿನ ಎಲ್ಲರಿಗೂ ಹೊಟ್ಟೆ ತುಂಬ ಜೋಳದ ರೊಟ್ಟಿ. ಸಭ್ಯರು ಬಂದರೆ ಬರೀ ಅನ್ನ, ಸಾರು. ಹಿಟ್ಟು ಸಾಲದ ದಿನ ಅಡುಗೆಯವರು ಬೇಕೆಂದೇ ಅವನ ಚಪ್ಪಲಿ ಬಚ್ಚಿಡುತ್ತಿದ್ದರು.

ವರ್ಷಗಳು ಹೋದವು, ಅಂಗೈ ಜಡ್ಡುಗಟ್ಟಿತು. ಸಿಟ್ಟು ಹೋಗಲಿಲ್ಲ. ಆದರೆ ಒಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮುವುದನ್ನು ಕಲಿಯಿತು. ಅಷ್ಟರಲ್ಲಿ ದುಂಡಪ್ಪ ಬೀಸುಕಲ್ಲಿನ ಮುಂದೆ ಕೂತುಬಿಡುತ್ತಿದ್ದ.

ಅಜ್ಜನ ನಂತರ ಪೀಠಕ್ಕೆ ಅವನೇ ಎಂದು ಊರು ಮಾತಾಡಿತು. ದುಂಡಪ್ಪ ಕೇಳಿಸದವನಂತೆ ನಿಂತು ಪೂರ್ತಿ ಕೇಳಿಸಿಕೊಂಡ.

ಆಗಲೇ ಅಡಿವೆಪ್ಪ ಹುಣಸೆಮರದಿಂದ ಬಿದ್ದದ್ದು.

ಅಡಿವೆಪ್ಪ ದುಂಡಪ್ಪನಿಗಿಂತ ಕಿರಿಯ ಶಿಷ್ಯ. ಕರು ಸತ್ತರೆ ಉಣ್ಣದೆ ಮಲಗುವವನು, ಗುಡುಗಿದರೆ ಅಜ್ಜನ ಕಂಬಳಿಯೊಳಗೆ ತೂರುವವನು. ಅಮಾವಾಸ್ಯೆಗೆ ಅವನವ್ವ ಗೋಧಿ, ಬೆಲ್ಲದ ಮಾದಲಿ ಕಟ್ಟಿಕೊಂಡು ಬರುತ್ತಿದ್ದಳು. ಅವಳಿನ್ನೂ ಹೊಳೆಯ ಆಚೆ ದಂಡೆಯಲ್ಲಿರುವಾಗಲೇ ಇವನು ಈಚೆಯಿಂದ ಅಳು ಶುರು ಮಾಡುತ್ತಿದ್ದ. ಆಮೇಲೆ ತಾಯಿ ಮಗ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಮಗನ ಜೊತೆ ಉಣ್ಣಬೇಕೆಂದು ಅವಳು ಬೆಳಗಿನಿಂದ ಬಾಯಿಗೆ ಏನೂ ಹಾಕದೆ ಬರುತ್ತಿದ್ದಳು.

ಹುಣಸೆಹಣ್ಣು ಉದುರಿಸಲು ಹತ್ತಿದಾಗ ಅವನ ಕೈ ಜಾರಿತು. ತಲೆ ನೇರ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು.

ಪ್ರಾಣ ಉಳಿಯಿತು. ಎದ್ದು ಕೂತ ಅಡಿವೆಪ್ಪನಲ್ಲಿ ಸಿಟ್ಟಿರಲಿಲ್ಲ, ಭಯವಿರಲಿಲ್ಲ, ಅಳುವಿರಲಿಲ್ಲ. ಹಾವು ಪಾದದ ಮೇಲೆ ಹರಿದು ಹೋದರೆ, ಹೋಯಿತು ಅಂದ. ಯಾರಾದರೂ ಬೈದರೆ, ಬೈದರು ಅಂದ.

ಜಿಲ್ಲೆಯ ದೊಡ್ಡ ಡಾಕ್ಟರು ತಲೆಯ ಚಿತ್ರ ತೆಗೆಸಿ ಅಜ್ಜನಿಗೆ ಬಿಡಿಸಿ ಹೇಳಿದರು. ಮಿದುಳಿನ ಒಳಗೆ ಎರಡೂ ಕಡೆ ಬಾದಾಮಿ ಬೀಜದಷ್ಟು ಒಂದೊಂದು ಗಂಟು ಇರುತ್ತದೆ. ಭಯವಾಗಲಿ ಸಿಟ್ಟಾಗಲಿ, ಮೊದಲ ಕಿಡಿ ಏಳುವುದು ಅಲ್ಲಿ. ಹಣೆಯ ಹಿಂದಿನ ಭಾಗ ಅದನ್ನು ತೂಗಿ ನೋಡಿ, ಇವರು ನನ್ನವರು, ಇದು ಬೇಕು, ಇದು ಬೇಡ ಎನ್ನುತ್ತದೆ. ಇವನಲ್ಲಿ ಆ ಗಂಟುಗಳೂ ಈ ಭಾಗವೂ ಜಜ್ಜಿಹೋಗಿವೆ. ಅವ್ವನ ಮುಖದ ಗುರುತು ಇವನಿಗೆ ಸಿಗುತ್ತದೆ, ಅವ್ವ ಸಿಗುವುದಿಲ್ಲ.

ಅಜ್ಜ ಇದನ್ನು ಒಂದಕ್ಷರ ಬಿಡದೆ ಭಕ್ತರಿಗೆ ಹೇಳಿದರು. ಭಕ್ತರು ಕೈಮುಗಿದು ನಕ್ಕರು. ದೊಡ್ಡವರು ಶಿಷ್ಯನ ಸಿದ್ಧಿಯನ್ನು ಹೀಗೇ ಮುಚ್ಚಿಡುತ್ತಾರೆ ಎಂದುಕೊಂಡು, ಅಂಗಳದ ಕಟ್ಟೆಯ ಮೇಲೆ ಅಡಿವೆಪ್ಪನಿಗೆ ಮೆತ್ತೆ ಹಾಸಿದರು. ಅವನ ನಿರ್ವಿಕಾರ ಮುಖ ನೋಡಿ ಗಳಗಳ ಅತ್ತರು. ಅವನು ಅವರ ಕಣ್ಣೀರನ್ನೂ ನೋಡಿದ, ಹೊಳೆಯನ್ನು ನೋಡುವಂತೆ.

ಅಮಾವಾಸ್ಯೆಯ ದಿನ ಊರ ಹಿರಿಯರು ಬಂದು, ಪೀಠ ಅಡಿವೆಪ್ಪನಿಗೇ ಎಂದು ತೀರ್ಮಾನಿಸಿ ಹೋದರು.

ಅವತ್ತು ದುಂಡಪ್ಪ ಬೀಸುಕಲ್ಲಿನ ಹತ್ತಿರವೂ ಸುಳಿಯಲಿಲ್ಲ. ಆ ಆಶ್ರಮಕ್ಕೆ ಬಂದ ಮೇಲೆ ಅದೇ ಮೊದಲು. ಒಲೆಯ ಮೇಲಿಲ್ಲದ ಹಾಲು ಮತ್ತೆ ಉಕ್ಕುವಂಥ ಮುಖ ಹೊತ್ತು, ನೇರ ಅಜ್ಜನ ಮುಂದೆ ನಿಂತ.

“ಅಜ್ಜಾರ, ನಾ ಇಷ್ಟು ವರ್ಷ ಬೀಸಿದ್ರೂ ಸಿಗದ್ದನ್ನ ಅಂವ ಒಂದ ಸಲ ಬಿದ್ದು ಗಳಿಸಿದನಲ್ರಿ.”

“ಗಳಿಸಿದ.”

“ಹಂಗಾದ್ರ ನನ್ನ ಸಾಧನಿಗೂ ಆ ಹುಣಸಿ ಟೊಂಗಿಗೂ ಏನ್ರಿ ಫರಕು?”

ಅಜ್ಜ ಕೋಲೂರಿಕೊಂಡು ಎದ್ದರು. ಹುಣಸೆಮರದ ಬುಡಕ್ಕೆ ನಡೆದರು.

“ಹತ್ತು.”

ದುಂಡಪ್ಪ ಹತ್ತಿದ. ಅಡಿವೆಪ್ಪ ಜಾರಿದ ಟೊಂಗೆಯನ್ನು ಅಜ್ಜ ಕೋಲಿನಿಂದ ತೋರಿಸಿದರು. ಅದಕ್ಕೆ ಜೋತುಬೀಳಲು ಹೇಳಿದರು. ಅವನು ಜೋತುಬಿದ್ದ. ಕೆಳಗೆ ಅದೇ ಕಲ್ಲು.

“ಈಗ ಕೈ ಬಿಡು,” ಅಂದರು ಅಜ್ಜ. “ತಲಿ ಕಲ್ಲಿಗೇ ಬೀಳೂ ಹಂಗ ನೋಡಿಕೋ. ನಿನಗ ಬೇಕಾದದ್ದು ಅಲ್ಲೇ ಐತಿ.”

ಕಟ್ಟೆಯ ಮೇಲಿಂದ ಅಡಿವೆಪ್ಪ ತಲೆಯೆತ್ತಿ ನೋಡಿದ.

“ಬೀಳಣ್ಣಾ,” ಅಂದ. “ಏನೂ ಅನಸೂದಿಲ್ಲ.”

ಭಕ್ತರು ಅದನ್ನೂ ಉಪದೇಶವೆಂದು ತಲೆದೂಗಿದರು.

ದುಂಡಪ್ಪ ಒಂದು ಕೈ ಬಿಟ್ಟ. ತಮಾಷೆಗಲ್ಲ, ನಿಜಕ್ಕೂ ಬಿಟ್ಟ. ಇನ್ನೊಂದು ಕೈಯ ಬೆರಳುಗಳೂ ಸಡಿಲವಾಗತೊಡಗಿದವು.

ಆಗ ಅವನಿಗೆ ಕಟ್ಟೆಯ ಕೆಳಗೆ ಅಡಿವೆಪ್ಪನ ಅವ್ವ ಕಂಡಳು. ಗಂಟು ಬಿಚ್ಚಿ, ಮಾದಲಿಯ ತುತ್ತು ಮಾಡಿ, ಭಕ್ತರ ಭುಜಗಳ ಸಂದಿಯಿಂದ ಕೈ ಚಾಚಿ ಮಗನ ಬಾಯಿಗಿಟ್ಟಳು. ಮಗ ಅಗಿದ. ರುಚಿ ಆಗೇತೇನಪ್ಪಾ ಎಂದು ಕೇಳಿದಳು.

“ಬೆಲ್ಲ ಐತಿ,” ಅಂದ ಅಡಿವೆಪ್ಪ.

ಅವಳು ಇನ್ನೂ ಸ್ವಲ್ಪ ಹೊತ್ತು ಅವನ ಬಾಯನ್ನೇ ನೋಡುತ್ತ ನಿಂತಳು. ನೀನೂ ಉಣ್ಣು ಎಂಬ ಮಾತು ಬರಲಿಲ್ಲ. ಎಂಥ ವೈರಾಗ್ಯ ಎಂದು ಯಾರೋ ಉದ್ಗರಿಸಿದರು. ಅವಳು ಗಂಟು ಕಟ್ಟತೊಡಗಿದಳು.

ದುಂಡಪ್ಪನ ಕಾಲ ಹೆಬ್ಬೆರಳಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಈ ಸಲ ಬಾಗಿಲಲ್ಲಿ ಕೆಮ್ಮಲಿಲ್ಲ. ಬಿಟ್ಟ ಕೈ ತಾನಾಗಿಯೇ ಹೋಗಿ ಟೊಂಗೆಯನ್ನು ಹಿಡಿಯಿತು. ಅವನು ಮೊಣಕಾಲು ತರಚಿಕೊಂಡು ಇಳಿದು ಬಂದ.

“ಯಾಕ ಇಳದಿ?” ಅಜ್ಜ ಕೇಳಿದರು.

“ಸಿಟ್ಟು ಬಂತ್ರಿ.”

“ಯಾರ ಮ್ಯಾಲ?”

ದುಂಡಪ್ಪ ಹುಡುಕಿದ. ಅಡಿವೆಪ್ಪನ ಮೇಲೆ ಎನ್ನೋಣವೆಂದರೆ, ಅಲ್ಲಿ ಅಡಿವೆಪ್ಪ ಇರಲಿಲ್ಲ. ಭಕ್ತರು, ಹಿರಿಯರು, ಕಲ್ಲು, ಮರ, ಮೇಲಿನವನು, ಎಲ್ಲರನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದ.

“ಆಕಿ ಉಣ್ಣದ ಹೊಂಟಾಳ್ರಿ,” ಅಂದ. ಆದರೂ ಒಂದು ಮಾತು ಉಳಿದೇ ಇತ್ತು. “ಮತ್ತ ಪೀಠ, ಅಜ್ಜಾರ?”

ಅಜ್ಜ ಕಟ್ಟೆಯ ಕಡೆ ನೋಡಿದರು. ಮೆತ್ತೆಯ ಮೇಲೆ ಅಡಿವೆಪ್ಪ ಕೂತಿದ್ದ, ಕೂರಿಸಿದ ಹಾಗೆ. ಅವನವ್ವ ಗಂಟನ್ನು ಕಂಕುಳಿಗೇರಿಸಿಕೊಂಡು ಹೊಳೆಯ ದಾರಿ ಹಿಡಿದಿದ್ದಳು.

“ಪೀಠಕ್ಕ ಅಂವ ಸಾಕು,” ಅಂದರು. “ನೀ ಲಗೂನ ಬೀಸು, ಎರಡು ರೊಟ್ಟಿ ಆಗಲಿ. ಆಕಿ ಹೊಳಿ ದಾಟಿ ಬಿಡ್ತಾಳ.”