ಅರ್ಜುನನ ಪಕ್ಷ ಹಿಡಿದವನು

ತುಂಗಭದ್ರೆಯ ದಂಡೆಯ ಆ ಆಶ್ರಮದಲ್ಲಿ ಒಂದು ರೂಢಿ ಇತ್ತು. ಸಂಜೆ ಪುರಾಣ ಓದಿ ಮುಗಿದ ಮೇಲೆ ಇಬ್ಬರು ಶಿಷ್ಯರು ಎದುರುಬದುರು ಕೂರಬೇಕು. ಒಬ್ಬೊಬ್ಬರು ಒಬ್ಬೊಬ್ಬ ವೀರನ ಪಕ್ಷ ಹಿಡಿದು, ತಾನೇ ಆ ವೀರನೆಂಬಂತೆ ವಾದ ಮಾಡಬೇಕು. ಬುದ್ಧಿ ಚುರುಕಾಗಲಿ ಅಂತ.

ಆವತ್ತು ಪಂಪಾಪತಿ ಕರ್ಣನಾದ, ಗಾದಿಲಿಂಗ ಅರ್ಜುನನಾದ. ಇಬ್ಬರೂ ಒಂದೇ ಕೋಣೆಯಲ್ಲಿ ಬೆಳೆದವರು. ಪಂಪಾಪತಿ ತುಸು ಹಿರಿಯ.

ಮರುದಿನ ಬೆಳಿಗ್ಗೆ ಗಾದಿಲಿಂಗ ಏದುಸಿರು ಬಿಡುತ್ತ ಹೊಳೆಗೆ ಬಂದ. ಗುರುಗಳು ಮೆಟ್ಟಿಲ ಮೇಲೆ ಕೂತು ಅನ್ನದ ತಪ್ಪಲೆ ತಿಕ್ಕುತ್ತಿದ್ದರು.

"ಗುರುಗಳೇ, ಕರ್ಣ ದೊಡ್ಡವನೋ, ಅರ್ಜುನ ದೊಡ್ಡವನೋ?"

"ನಿನ್ನೆ ನೀನೇ ಗೆದ್ದೆಯಲ್ಲಪ್ಪ. ಇನ್ನೇನು ಅನುಮಾನ?"

"ನ್ಯಾಯವಾಗಿ ಗೆದ್ದೆನೋ ಇಲ್ಲವೋ, ನೀವು ಹೇಳಬೇಕು."

"ಅವನೇನಂದ?"

"ಮೈಯಿಂದ ಕವಚ ಕಿತ್ತು ಕೊಟ್ಟವನು ನಾನು, ನೀನು ಕೊಟ್ಟದ್ದೇನು ಅಂದ."

"ನೀನು?"

"ಶಿವನ ಜೊತೆಗೇ ಹೋರಾಡಿ ಅಸ್ತ್ರ ಪಡೆದವನು ನಾನು ಅಂದೆ."

"ಭಲೇ. ಆಮೇಲೆ?"

"ರಥದ ಚಕ್ರ ಎತ್ತುತ್ತಿದ್ದವನಿಗೆ ಬಾಣ ಬಿಟ್ಟೆಯಲ್ಲೋ ಅಂದ. ತಾನು ಸತ್ತ ಕಥೆಯನ್ನ ತಾನೇ ಹೇಳಿದ! ಆದರೂ ಎಲ್ಲರೂ ತಲೆದೂಗಿದರು."

"ನಿನಗೆ ಮಾತು ಸಿಗಲಿಲ್ಲ."

ಗಾದಿಲಿಂಗ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತ.

"ಹೇಳು, ಆಗ ಏನಂದೆ?"

"ನಿನ್ನ ಅಪ್ಪ ಯಾರು, ಅಮ್ಮ ಯಾರು, ಮೊದಲು ಅದನ್ನ ಹೇಳು ಅಂದೆ. ಕರ್ಣನಿಗೆ ಆ ಮಾತು ಕೇಳುವುದು ಇದ್ದದ್ದೇ ಅಲ್ಲವೇ ಗುರುಗಳೇ?"

ಇದ್ದದ್ದೇ, ಇಲ್ಲ ಅನ್ನುವವರು ಯಾರು! ಆದರೆ ಪಂಪಾಪತಿಯನ್ನು ಹಸುಗೂಸಾಗಿದ್ದಾಗ ಯಾರೋ ಇದೇ ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಆಶ್ರಮದಲ್ಲಿ ಅದು ಗೊತ್ತಿಲ್ಲದವರೇ ಇರಲಿಲ್ಲ. ಗಾದಿಲಿಂಗನ ಮಾತಿಗೆ ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಪಂಪಾಪತಿ ಊಟಕ್ಕೆ ಏಳಲಿಲ್ಲ.

"ಈಗ ನೋಡಿದರೆ ಅವನ ಹಾಸಿಗೆ ಖಾಲಿ. ಬಟ್ಟೆಗಂಟೂ ಇಲ್ಲ." ಅಂದ ಗಾದಿಲಿಂಗ.

"ಗೊತ್ತು. ದಿನಾ ಈ ತಪ್ಪಲೆ ತಿಕ್ಕುತ್ತಿದ್ದವನು ಅವನೇ."

ಗುರುಗಳು ಕತ್ತು ತಿರುಗಿಸಿ ತೋರಿಸಿದರು. ದೂರದಲ್ಲಿ, ಇದೇ ದಂಡೆಯ ಮೇಲೆ, ಪಂಪಾಪತಿ ಗಂಟು ಹಿಡಿದು ನಿಂತಿದ್ದ. ಅವನನ್ನು ದಾಟಿಸಲು ಆಚೆಯಿಂದ ಹರಿಗೋಲು ಹೊರಟಿತ್ತು. ಹೊಳೆ ಏರುತ್ತಿತ್ತು. ಇದು ದಾಟಿತೆಂದರೆ ಮಳೆಗಾಲ ಮುಗಿಯುವವರೆಗೆ ಇನ್ನೊಂದು ಬರುವುದಿಲ್ಲ.

"ಅಯ್ಯೋ! ಅವನನ್ನ ತಡೆಯಿರಿ ಗುರುಗಳೇ. ನೀವು ಕರೆದರೆ ಬರುತ್ತಾನೆ."

"ಆ ಮಾತು ಅಂದವನು ನಾನಾ?"

"ನಾನು ಅಂದದ್ದು ಪಂಪಾಪತಿಗಲ್ಲ, ಕರ್ಣನಿಗೆ!"

"ಹಾಗಾದರೆ ಏದುಸಿರು ಬಿಡುತ್ತ ಯಾಕಪ್ಪಾ ಓಡಿ ಬಂದೆ?"

ಗಾದಿಲಿಂಗ ಅತ್ತೇಬಿಟ್ಟ. ಅಷ್ಟರಲ್ಲಿ ಹರಿಗೋಲು ನಡುಹೊಳೆ ದಾಟಿ ಈ ದಡಕ್ಕೆ ಬರುತ್ತಿತ್ತು.

"ಹೆದರಿಕೆ ಆಗುತ್ತೆ ಗುರುಗಳೇ. ಅವನು ತಿರುಗಿಯೂ ನೋಡದಿದ್ದರೆ? ಯಾವ ಮುಖ ಇಟ್ಟುಕೊಂಡು ಹೋಗಲಿ, ಏನಂತ ಕರೆಯಲಿ?"

ಗುರುಗಳು ತಪ್ಪಲೆ ಕೆಳಗಿಟ್ಟರು.

"ಅರ್ಜುನ ಕರ್ಣನನ್ನ ಅಣ್ಣಾ ಅಂದದ್ದು ಅವನು ಸತ್ತ ಮೇಲೆ, ತರ್ಪಣ ಬಿಡುವಾಗ. ಇವನಿನ್ನೂ ದಡದಲ್ಲೇ ಇದ್ದಾನೆ, ಓಡು."