ತವರುಗಲ್ಲಿನ ಹದಿನೆಂಟನೆಯ ಸಾಲು

ಎರಡು ಬೋಳು ಗುಡ್ಡಗಳ ನಡುವೆ ಡಾಂಬರು ರಸ್ತೆ ಕಿರಿದಾಗುವ ಕಡೆ, ಎಡಗಡೆಗೆ ಆಳೆತ್ತರದ ಕಲ್ಲೊಂದು ನಿಂತಿದೆ. ಸುತ್ತಲಿನವರು ಅದನ್ನು ತವರುಗಲ್ಲು ಎನ್ನುತ್ತಾರೆ. ಗುಡ್ಡಗಳ ನಡುವಿನ ಆ ಕಿರುದಾರಿಗೂ, ಆ ಗಂಡಿಗೂ, ಅದೇ ಹೆಸರು. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರಿದ್ದಾರೆ. ಅವರ ಕೆಳಗೆ ಹದಿನೇಳು ಸಾಲುಗಳಷ್ಟು ಬರಹವನ್ನು ಉಳಿಯಿಂದ ಕೊಚ್ಚಿ ಹಾಕಲಾಗಿದೆ, ಒಂದಕ್ಷರವೂ ಸಿಗದು. ಹದಿನೆಂಟನೆಯ ಸಾಲು ಮಾತ್ರ ಉಳಿದಿದೆ, ಅದರ ಕೆಳಗೆ ಶಾಸನಗಳ ಕೊನೆಯಲ್ಲಿ ಬರುವ ಶಾಪವೂ ಇದೆ. ಕೊಚ್ಚಿದವನ ಕೈ ಸೋತಿತೇ, ಹೊತ್ತು ಮುಳುಗಿತೇ ಎಂದು ಹೊಸಬರು ಕೇಳುತ್ತಾರೆ. ಕೆತ್ತಿದವನೂ ಕೊಚ್ಚಿದವನೂ ಒಬ್ಬನೇ ಎಂದು ತಿಳಿದಾಗಲಂತೂ ಅವರು ಅಲ್ಲಿಯೇ ಕುಳಿತು ಕಥೆ ಕೇಳದೆ ಏಳುವುದಿಲ್ಲ.

ಹಿಂದೆ ಒಮ್ಮೆ ಈ ಗುಡ್ಡಗಳ ಮೂಡಲಿಗೂ ಪಡುವಲಿಗೂ ಒಂದೇ ಪಾಳೆಯಪಟ್ಟು ಇತ್ತು. ತಂದೆ ತೀರಿಕೊಂಡ ಮೇಲೆ ಇಬ್ಬರು ಮಕ್ಕಳು ಅದನ್ನು ಎರಡು ಮಾಡಿಕೊಂಡರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಅರಸರ ಮನೆಯಲ್ಲಿ ಸುಳ್ಳಾಗುವುದುಂಟೇ? ಮೂಡಲಕೋಟೆ, ಪಡುವಲಕೋಟೆ ಎಂದು ಎರಡು ರಾಜ್ಯಗಳಾದವು. ಜನರದು ಮಾತ್ರ ಒಂದೇ ನುಡಿ, ಒಂದೇ ಮನೆದೇವರು. ಈ ಕಡೆಯ ಹೆಣ್ಣು ಆ ಕಡೆಯ ಸೊಸೆ. ಮೊಮ್ಮಕ್ಕಳ ಕಾಲಕ್ಕೆ ಬರುವಷ್ಟರಲ್ಲಿ ಮೂರು ಕಾಳಗಗಳು ನಡೆದು ಮೂರು ಒಪ್ಪಂದಗಳು ಮುರಿದಿದ್ದವು. ಗಂಡಿಯ ಎರಡು ಬದಿಗೂ ಕಾವಲು ಕುಳಿತಿತು. ಆಗ ಹೆಂಗಸರೇ ಒಂದು ಉಪಾಯ ಕಂಡುಕೊಂಡರು. ಸಂತೆಯ ದಿನ ಇವರು ಈ ಗುಡ್ಡ ಹತ್ತುವರು, ಅವರು ಆ ಗುಡ್ಡ ಹತ್ತುವರು. ಹುಟ್ಟು ಸಾವುಗಳ ಸುದ್ದಿಯನ್ನೆಲ್ಲ ಕೂಗಿ ಹೇಳುವರು. ಕಾವಲಿನವರು ಕಾಲನ್ನು ತಡೆದರೇ ಹೊರತು ದನಿಯನ್ನು ತಡೆಯಲಾರದೆ ಹೋದರು.

ಮೂಡಲ ಸೀಮೆಯ ಕಲ್ಲುಕುಟಿಗ ಬಮ್ಮೋಜನಿಗೂ ಅವನ ಹೆಂಡತಿ ಸೋವಕ್ಕನಿಗೂ ಇದ್ದವಳು ಒಬ್ಬಳೇ ಮಗಳು ಮಾಳವ್ವ. ದಾರಿ ತೆರೆದಿದ್ದ ಕಾಲದಲ್ಲಿ ಅವಳನ್ನು ಪಡುವಲಕ್ಕೆ ಕೊಟ್ಟಿದ್ದರು. ಒಂದು ಸಂತೆಯ ದಿನ ಎದುರು ಗುಡ್ಡದಿಂದ, “ಮಾಳವ್ವಂಗೆ ಏಳು ತಿಂಗ್ಳು ತುಂಬೈತೇ!” ಎಂಬ ಕೂಗು ಬಂತು. ಸೋವಕ್ಕ ಅಲ್ಲೇ ಬಂಡೆಯ ಮೇಲೆ ಕುಸಿದು ಕುಳಿತಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎರಡೂ ಸೀಮೆಗಳ ಕಟ್ಟಳೆ. ಆದರೆ ಹಿಂದಿನ ವರ್ಷ ಹಾಗೆ ತವರಿಗೆ ಹೊರಟ ಒಬ್ಬ ಬಸುರಿಯನ್ನು ಕಾವಲಿನವರು ಗಂಡಿಯಿಂದ ಹಿಂದಕ್ಕೆ ಅಟ್ಟಿದ್ದರು. ಜಾಲಿಯ ಮರದ ಕೆಳಗೆ ಹೆತ್ತ ಆಕೆಯ ಕೂಸು ಉಳಿಯಲಿಲ್ಲ. ಅದನ್ನು ನೆನೆದರೆ ಬಮ್ಮೋಜ ಉಣ್ಣುವುದನ್ನು ಬಿಟ್ಟು ಎದ್ದುಬಿಡುತ್ತಿದ್ದ.

ಅದೇ ಹೊತ್ತಿಗೆ ನಾಲ್ಕನೆಯ ಒಪ್ಪಂದದ ಮಾತುಕತೆ ಮುಗಿದು, ಅದನ್ನು ಗಂಡಿಯ ಕಲ್ಲಿಗೆ ಏರಿಸುವ ಕೆಲಸ ಅವನಿಗೇ ಬಂತು. ಅರಮನೆಯ ಬರಹಗಾರನಾದ ಕರಣಿಕನು ಕಲ್ಲಿನ ಮೇಲೆ ಕಾವಿಯಿಂದ ಬರೆದುಕೊಟ್ಟ ಸಾಲುಗಳಲ್ಲಿ ಕೆರೆಯ ಪಾಲಿತ್ತು, ಎಲ್ಲೆಯ ಕಲ್ಲುಗಳಿದ್ದವು, ಸೆರೆಯಾಳುಗಳ ಬಿಡುಗಡೆಯಿತ್ತು. ಹದಿನೇಳನೆಯ ಸಾಲು ಇದು: ಇವರ ಪ್ರಜೆ ಅತ್ತ ಹೋಗಬಾರದು, ಅವರ ಪ್ರಜೆ ಇತ್ತ ಬರಬಾರದು. ಜನ ಸೇರದಿದ್ದರೆ ಜಗಳವೇ ಹುಟ್ಟದೆಂಬುದು ದೊಡ್ಡವರ ಲೆಕ್ಕ. ಎಂಥ ಜಾಣ ಶಾಂತಿ! ಬಮ್ಮೋಜ ಮೂಡಲದ ಪ್ರಧಾನಿಯ ಮುಂದೆ ಕೈಮುಗಿದು ಮಗಳ ಸಂಗತಿ ಹೇಳಿಕೊಂಡ. “ಇದು ರಾಜ್ಯದ ಮಾತು ಕಣಯ್ಯ ಓಜ, ಬಾಣಂತಿ ಕೋಣೆಯದಲ್ಲ,” ಎಂದು ಪ್ರಧಾನಿ ಎದ್ದು ಹೋದ.

ಮನೆಗೆ ಬಂದು ಹೇಳಿದರೆ ಸೋವಕ್ಕ ಸುಮ್ಮನಿದ್ದಾಳೆಯೇ? “ಇಬ್ರು ಅರಸರ ಮಾತ್ನ ಕಲ್ಲಿಗೆ ಏರಿಸ್ತೀರಿ. ನಿಮ್ಮ ಮಗಳ ಒಂದು ಮಾತಿಗೆ ಅಲ್ಲಿ ನಾಲ್ಕು ಬೆರಳು ಜಾಗ ಇಲ್ವಾ?” ಎಂದಳು. ಜಾಗವಿತ್ತು, ಅದೇ ಬಮ್ಮೋಜನ ಕಷ್ಟ. ಹದಿನೇಳನೆಯ ಸಾಲಿಗೂ ಶಾಪದ ಸಾಲಿಗೂ ನಡುವೆ ಕರಣಿಕನು ಸರಿಯಾಗಿ ನಾಲ್ಕು ಬೆರಳು ಬಿಟ್ಟಿದ್ದ. ಮರುದಿನ ಸುಡುವ ಮಧ್ಯಾಹ್ನ, ಕಾವಲಿನವರು ಉಂಡು ತೂಕಡಿಸುತ್ತಿದ್ದಾಗ, ಅವನು ಆ ಜಾಗದಲ್ಲಿ ಉಳಿ ಊರಿದ. ದಿನವೂ ಕೇಳುವ ಸುತ್ತಿಗೆಯ ಸದ್ದಿಗೆ ಯಾರು ಕಣ್ಣು ತೆರೆಯುತ್ತಾರೆ? ಸಿಕ್ಕಿಬಿದ್ದರೆ ಕೈ ಕಡಿಯುತ್ತಾರೆಂದು ಅವನಿಗೆ ತಿಳಿದಿತ್ತು. ಆದರೂ ಅಕ್ಷರಗಳನ್ನು ಆಳವಾಗಿಯೇ ಕೆತ್ತಿದ.

ಒಪ್ಪಂದವನ್ನು ಓದುವ ದಿನ ಇಬ್ಬರು ಅರಸರೂ ಪರಿವಾರ ಸಮೇತ ಬಂದು ಎದುರುಬದುರು ಕುಳಿತರು. ಹೊರ ಊರಿನ ಶಾಸ್ತ್ರಿಯೊಬ್ಬ ಗಟ್ಟಿಯಾಗಿ ಓದುತ್ತಾ ಬಂದ. ಹದಿನೇಳರ ಬಳಿಕ, “ಬಸುರಿ ಮಗಳು ತವರಿಗೆ ಬರುವಾಗ ಗಂಡಿಯಲ್ಲಿ ಯಾರೂ ಅಡ್ಡ ನಿಲ್ಲಬಾರದು,” ಎಂದು ಓದಿ, ಉಸಿರು ತೆಗೆದುಕೊಳ್ಳದೆ ಶಾಪಕ್ಕೆ ಹೋದ: ಇದನ್ನು ಮೀರಿದವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು. ಮೂಡಲದ ಪ್ರಧಾನಿ ಪಡುವಲದ ಪ್ರಧಾನಿಯ ಮುಖ ನೋಡಿದ. ಪಡುವಲದವನೂ ಇವನ ಮುಖ ನೋಡಿದ. ಇದು ಅವರು ಸೇರಿಸಿದ ಮಾತಿರಬೇಕು ಎಂದು ಇವನು ಎಣಿಸಿದ, ಇವರದಿರಬೇಕು ಎಂದು ಅವನು ಎಣಿಸಿದ. ಕೇಳೋಣವೆಂದರೆ, ಓದದೆ ಒಪ್ಪಿದೆವೆಂದು ತುಂಬಿದ ಸಭೆಯಲ್ಲಿ ತಾವೇ ಸಾರಿದಂತಾಗುತ್ತದೆ. ಇಬ್ಬರೂ ಎಲ್ಲ ತಿಳಿದವರಂತೆ ತಲೆಯಾಡಿಸಿದರು. ಪ್ರಧಾನಿಗಳು ತಲೆಯಾಡಿಸಿದ್ದನ್ನು ಕಂಡು ಅರಸರೂ ತಲೆಯಾಡಿಸಿದರು. ಗುಡ್ಡಗಳ ಮೇಲೆ ನಿಂತಿದ್ದ ಹೆಂಗಸರು ಮಾತ್ರ ಹಿಗ್ಗಿನಿಂದ ಒಮ್ಮೆಲೇ ಕೂಗಿದರು.

ನಾಲ್ಕನೆಯ ದಿನ ಮಾಳವ್ವ ಕಮಾನು ಗಾಡಿಯಲ್ಲಿ ಕುಳಿತು ಗಂಡಿ ದಾಟಿದಳು. ಭರ್ಜಿ ಹಿಡಿದವರು ಪಕ್ಕಕ್ಕೆ ಸರಿದು ನಿಂತರು. ತಿಂಗಳೆರಡರಲ್ಲಿ ಬಮ್ಮೋಜನ ಮನೆಯಲ್ಲಿ ಹೆಣ್ಣು ಕೂಸು ಅತ್ತಿತು. ಅವಳ ಹಿಂದೆ ಇನ್ನೂ ಎಷ್ಟೋ ಗಾಡಿಗಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಿದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಳೆಗಾಲ ಬಂದು ಕೆರೆ ತುಂಬಿದ್ದೇ ತಡ, ಕೋಡಿಯ ನೀರಿಗಾಗಿ ಮತ್ತೆ ಕತ್ತಿಗಳು ಹೊರಬಂದವು. ಒಪ್ಪಂದದ ಅಕ್ಷರ ಉಳಿಯಕೂಡದೆಂದು ಇಬ್ಬರು ಅರಸರೂ ಆಜ್ಞೆ ಮಾಡಿದರು. ಅವರಿಬ್ಬರೂ ಜಗಳವಿಲ್ಲದೆ ಒಪ್ಪಿದ ಮಾತು ಇದೊಂದೇ ಎಂದು ಸುತ್ತಲಿನವರು ಇಂದಿಗೂ ನಗುತ್ತಾರೆ. ಕೊಚ್ಚಲು ಬಮ್ಮೋಜನನ್ನೇ ಕರೆಸಿದರು. ಎರಡು ಕಡೆಯ ದಂಡು ನೋಡುತ್ತಿರಲು ಅವನು ಮೇಲಿನಿಂದ ಒಂದೊಂದೇ ಸಾಲು ಕೊಚ್ಚುತ್ತಾ ಇಳಿದ. ಹದಿನೇಳು ಮುಗಿದವು. ಹದಿನೆಂಟನೆಯದರ ಮೇಲೆ ಉಳಿ ಇಟ್ಟ, ಸುತ್ತಿಗೆ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅಕ್ಷರವೇ ಕಾಣದಾಯಿತು.

“ಯಾಕೆ ನಿಲ್ಲಿಸ್ದೆ ಓಜ?” ಎಂದು ಮೂಡಲದ ದಳವಾಯಿ ಕೇಳಿದ. ಅವನ ಹೆಂಡತಿ ಪಡುವಲದವಳು. ಎರಡು ವಾರದ ಹಿಂದೆಯಷ್ಟೇ ಇದೇ ಗಂಡಿ ದಾಟಿ ಹೆರಿಗೆಗೆಂದು ತವರಿಗೆ ಹೋಗಿದ್ದಳು.

“ಉಳಿ ಮೊಂಡಾತು ಬುದ್ಧಿ,” ಎಂದ ಬಮ್ಮೋಜ.

ದಳವಾಯಿ ಕುದುರೆಯಿಂದ ಇಳಿದು ಬಂದು ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಬೆರಳು ಕುಯ್ದು ರಕ್ತ ಜಿನುಗಿತು. ಅವನು ಅದನ್ನು ಪಂಚೆಗೆ ಒರೆಸಿಕೊಂಡು, ಆಚೆಯ ದಂಡಿಗೂ ಕೇಳುವಂತೆ ಗಟ್ಟಿಯಾಗಿ, “ಹೌದು, ಮೊಂಡಾಗೈತೆ. ಮನೀಗೆ ಹೋಗು,” ಎಂದ. ಆಚೆಯ ದಂಡಿನಿಂದ ಬೇರೆ ಉಳಿ ತರುವೆವೆಂದು ಒಬ್ಬನೂ ಹೇಳಲಿಲ್ಲ.

ಮುಂದೆ ಇನ್ನೆಷ್ಟು ಕಾಳಗಗಳಾದವೋ, ಬಸುರಿಯ ಗಾಡಿ ಕಂಡರೆ ಬಾಣ ಹೂಡಿದವರೂ ಬಿಲ್ಲು ಇಳಿಸುತ್ತಿದ್ದರು ಎನ್ನುತ್ತಾರೆ. ಎರಡು ಕೋಟೆಗಳೂ ಈಗ ಕಲ್ಲುಗುಡ್ಡೆ. ತವರುಗಲ್ಲಿಗೆ ಬಂದವರು ಇಂದಿಗೂ ಆ ಸಾಲನ್ನು ಕಾಣಬಹುದು. ತವರಿಗೆ ಹೊರಟ ಬಸುರಿಯರು ಅಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಅಂಗೈಯಿಂದ ಅದನ್ನು ಸವರಿ ಹತ್ತುತ್ತಾರೆ. ಹಾಗೆ ಸವರಿ ಸವರಿ, ಬೆರಳು ಹುದುಗುವಷ್ಟು ಆಳವಿದ್ದ ಅಕ್ಷರಗಳು ಈಗ ನುಣ್ಣಗಾಗಿವೆ. ಶಾಸನ ಓದುವ ಪಂಡಿತರಿಗೂ ಅದನ್ನು ಬಿಡಿಸಿ ಓದಲು ಬರುವುದಿಲ್ಲ. ಪಕ್ಕದಲ್ಲಿ ನಿಂತ ಯಾವ ಹೆಂಗಸನ್ನಾದರೂ ಕೇಳಿದರೆ, ಕಲ್ಲಿನ ಕಡೆ ನೋಡದೆಯೇ ಹೇಳುತ್ತಾಳೆ.