ನೀರುಕಲ್ಲು ಗುಡ್ಡದ ಸೂಲಗಿತ್ತಿ

ನೀರುಕಲ್ಲು ಗುಡ್ಡದ ಮೇಲೆ ಕೆರೆಯಿಲ್ಲ, ಬಾವಿಯಿಲ್ಲ, ಒರತೆಯೂ ಇಲ್ಲ. ಹೆಸರು ನಂಬಿ ಬಾಯಾರಿ ಹತ್ತಿದವರು ಊರವರನ್ನು ಬೈದುಕೊಂಡೇ ಇಳಿಯುತ್ತಾರೆ. ಮೇಲಿರುವುದು ಒಂದು ಹಳೆಯ ಇಗರ್ಜಿ, ಅದರ ಹಿಂದೆ ಮುರಕಲ್ಲಿನ ಗೋಡೆ ಕಟ್ಟಿದ ಸ್ಮಶಾನ. ಗೋಡೆಯೊಳಗಿನ ಸಮಾಧಿಗಳಿಗೆಲ್ಲ ಶಿಲುಬೆಯಿದೆ, ಹೆಸರಿದೆ. ಗೋಡೆಗೆ ತಾಗಿ ಹೊರಗೆ, ಗೇರುಮರದ ಬುಡದಲ್ಲಿ ಒಂದೇ ಒಂದು ಕರಿಕಲ್ಲು ಮಲಗಿದೆ. ಅದಕ್ಕೆ ಎರಡೂ ಇಲ್ಲ. ಗುಡ್ಡಕ್ಕೆ ಹೆಸರು ಬಂದದ್ದು ಈ ಕಲ್ಲಿನಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ಮಕ್ಕಳೆಲ್ಲ ಊರವರೆಲ್ಲ ಬಾಯಿ ಎಂದೇ ಕರೆಯುತ್ತಿದ್ದ ನತಾಲ ಬಾಯಿ ಎಂಬ ಸೂಲಗಿತ್ತಿಯ ಕೈಮೇಲೆ ಹುಟ್ಟುತ್ತಿದ್ದವು. ಜ್ಞಾನಸ್ನಾನವಾಗದೆ ಸತ್ತ ಕೂಸಿಗೆ ಆಗ ಗೋಡೆಯೊಳಗೆ ಜಾಗವಿರಲಿಲ್ಲ, ಹೊರಗೆ ಗೇರುಮರದಡಿ ಹೂಳುತ್ತಿದ್ದರು. ಹಾಗಾಗಿ ಕೂಸು ಉಳಿಯುವಂತಿಲ್ಲ ಎಂದು ಕಂಡರೆ, ಉಸಿರಿರುವಾಗಲೇ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡುವ ಅಧಿಕಾರ ಸೂಲಗಿತ್ತಿಗೂ ಇತ್ತು. ಗುಡ್ಡದ ಕೆಳಗಿನ ಪಾವ್ಲಿನ ಎಂಬವಳ ಎರಡು ಕೂಸುಗಳು ಸತ್ತೇ ಹುಟ್ಟಿ ಆಗಲೇ ಗೇರುಮರದಡಿ ಸೇರಿದ್ದವು. ಮೂರನೆಯದು ಹುಟ್ಟಿ ಎರಡು ಉಸಿರು ಎಳೆಯಿತು. ಬಾಯಿ ಚೆಂಬಿಗೆ ಕೈ ಹಾಕಿದಳು. ತಾಯಿಯ ರಕ್ತ ತೊಳೆಯುವುದರಲ್ಲಿ ನೀರೆಲ್ಲ ಮುಗಿದಿತ್ತು. ಬಾವಿಕಟ್ಟೆಗೆ ಓಡಿ ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಸಂಜೆ ಇಗರ್ಜಿಯ ಪಾದ್ರಿಗಳು ಬಂದು, ಜೀವವಿದ್ದಾಗ ನೀರು ಬಿತ್ತೇ ಎಂದು ಕೇಳಿದರು. ಪಾವ್ಲಿನಳ ಮುಖ ನೋಡಿ ಬಾಯಿ, ಹೌದು ಬಿತ್ತು ಎಂದುಬಿಟ್ಟಳು. ಕೂಸು ಗೋಡೆಯೊಳಗೆ ಮಣ್ಣಾಯಿತು.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪೂಜೆಯ ನಡುವೆ ಎದ್ದು ಹೋಗುವಳು. ಆ ಪುಟ್ಟ ಮಣ್ಣುದಿಬ್ಬವನ್ನು ಯಾರೂ ಕೆದಕಿಲ್ಲವಷ್ಟೇ ಎಂದು ನೋಡಿ ಬರುವಳು. ನಿಜ ಹೇಳಿದರೆ ಕೂಸನ್ನು ಎತ್ತಿ ಹೊರಗೆ ಹಾಕುತ್ತಾರೆ, ಹೇಳದಿದ್ದರೆ ತನ್ನ ಆತ್ಮಕ್ಕೆ ಗತಿಯಿಲ್ಲ. ಹನ್ನೊಂದು ವರ್ಷ ಹೀಗೇ ಬೆಂದಳು. ಊರವರಿಗೇನು ಗೊತ್ತು, ಬಾಯಿಯ ಕಾಲಿಗೆ ಚಕ್ರವಿದೆ ಎಂದು ನಗಾಡುತ್ತಿದ್ದರು.

ಕೊನೆಗೆ ಅವಳು ಹಾಸಿಗೆ ಹಿಡಿದಾಗ ಪಾದ್ರಿಗಳು ಪಾಪನಿವೇದನೆ ಕೇಳಲು ಬಂದರು. ಗಂಜಿ ಕುಡಿಸುತ್ತಿದ್ದ ಪಾವ್ಲಿನ ಎದ್ದು ಹೊರಟಳು. ಬಾಯಿ ಅವಳ ಸೆರಗು ಬಿಡಲಿಲ್ಲ.

"ಪದ್ರಾಬ್, ಅವತ್ತು ನೀರು ಬಿದ್ದಿರಲಿಲ್ಲ. ಕೂಸನ್ನು ಎಬ್ಬಿಸಬೇಡಿ. ಅದರ ಬದಲಿಗೆ ನನ್ನನ್ನು ಹೊರಗೆ ಹಾಕಿ."

ಪಾದ್ರಿಗಳಿಗಿಂತ ಮೊದಲು ಮಾತಾಡಿದವಳು ಪಾವ್ಲಿನ.

"ನಂಗೆ ಅವತ್ತೇ ಗೊತ್ತಿತ್ತು ಬಾಯಿ. ಖಾಲಿ ಚೆಂಬು ನಾನೂ ನೋಡಿದ್ದೆ."

ಒಂದೇ ಗುಟ್ಟನ್ನು ಇಬ್ಬರೂ ಬೇರೆಬೇರೆಯಾಗಿ ಹೊತ್ತು ತಿರುಗಿದ್ದರು. ಅದಕ್ಕಿಂತ ದೊಡ್ಡ ಸಂಕಟ ಯಾವುದಿದೆ? ಕೂಸು ಅಲ್ಲೇ ಇರುತ್ತದೆ, ನಿಮಗೂ ಒಳಗೇ ಜಾಗ ಎಂದು ಪಾದ್ರಿಗಳು ಎಷ್ಟು ಹೇಳಿದರೂ ಬಾಯಿ ಕೇಳಲಿಲ್ಲ. ಹೊರಗಿನ ಮಕ್ಕಳಿಗೆ ಯಾರೂ ಇಲ್ಲವಲ್ಲ ಎಂದು ಹಟ ಹಿಡಿದು ಗೇರುಮರದಡಿಯನ್ನೇ ಪಡೆದಳು.

ಕರಿಕಲ್ಲು ಹಾಕಿಸಿದವಳು ಪಾವ್ಲಿನ. ಹೆಸರು ಬೇಡ, ನಡುವೆ ಒಂದು ಚೆಂಬು ನೀರು ಹಿಡಿಯುವಷ್ಟು ಗುಳಿ ತೋಡು ಎಂದು ಕಲ್ಲುಕುಟಿಗನಿಗೆ ಹೇಳಿದಳಂತೆ. ಬದುಕಿರುವ ತನಕ ದಿನವೂ ಕೆಳಗಿನಿಂದ ನೀರು ಹೊತ್ತು ಅದನ್ನು ತುಂಬಿದಳು. ಈಗ ಗುಡ್ಡ ಹತ್ತುವ ಬಸುರಿಯರು, ಯಾವ ಜಾತಿಯವರೇ ಆಗಲಿ, ಬಾಟಲಿಯಲ್ಲಿ ನೀರು ತಂದು ಹೊಯ್ಯುತ್ತಾರೆ. ಕಡುಬೇಸಿಗೆಯಲ್ಲೂ ಆ ಗುಳಿ ಒಣಗಿದ್ದನ್ನು ಕಂಡವರಿಲ್ಲ. ತಮಗಾಗಿ ಏನನ್ನೂ ಬೇಡುವ ಪದ್ಧತಿ ಅಲ್ಲಿಲ್ಲ. ಬಾಯಿ ಕೈ ಚಾಚಿದಾಗ ನೀರಿರಬೇಕು, ಅಷ್ಟೇ ಎನ್ನುತ್ತಾರೆ.